ಜೀಪಿನ ಕ್ಲಚ್ಚು ಹೋಯಿತೆ? ಮೊದಲು ಪೆಡಲು ನೋಡಿ

(ಯುವಕ ಮಂಡಳದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಿಗಳ ಮಾತನಾಡಬೇಕಾದ ಗ್ರಾಮಸೇವಕ ಈ ದಿನ ಜೀಪಿನ ಮಾತು ತೆಗೆದನಲ್ಲಾ ಎಂದು ಹಿರಿಯರು ನಗಬಾರದು. ನಮ್ಮ ಮಲೆನಾಡಿನ ಒಳದಾರಿಗಳಲ್ಲಿ ಮಳೆ ಹಿಡಿದರೆ ಅಡಿಕೆ ಮೂಟೆಯನ್ನು ಪೇಟೆಗೆ ಒಯ್ಯುವುದೂ ಹಳೆಯ ಜೀಪೇ, ದಿನ ತುಂಬಿದ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಅದೇ. ಅಂಥ ಹೊತ್ತಿನಲ್ಲಿ ಏರಿನ ನಡುವೆ ಎಂಜಿನ್ನು ಅಬ್ಬರಿಸುತ್ತಾ ಗಾಡಿ ಮಾತ್ರ ನಿಂತಲ್ಲೇ ನಿಂತರೆ ಏನು ಗತಿ?

ಈ ಗಾಡಿ ನಮಗೆ ಹೊಸದಲ್ಲ. ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದ್ದು 1947ರಲ್ಲಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕಿನ ಜೀಪು ಹಳ್ಳಿಗಳಿಗೂ ಬಂತು. ಎಷ್ಟೋ ಹೊಸ ಮಾದರಿಗಳು ಬಂದು ಹೋದರೂ ಆ ಕಟ್ಟಿನ ಜೀಪುಗಳು ಇನ್ನೂ ಕೆಲವರ ಅಂಗಳದಲ್ಲಿವೆ. ನಾನು ಹೇಳುವುದು ಅವುಗಳ ವಿಷಯ: ಮೂರು ಗೇರಿನ, ಪೆಡಲು ತುಳಿದರೆ ಕೇಬಲ್ ಅಥವಾ ಸಲಾಕೆಯ ಮೂಲಕ ಕ್ಲಚ್ಚು ಬಿಡುವ ಪೆಟ್ರೋಲು ಜೀಪುಗಳು.

ಕ್ಲಚ್ಚೆಂದರೆ ದೊಡ್ಡ ಮಾಯೆಯೇನೂ ಅಲ್ಲ. ಎರಡು ಅಂಗೈಗಳ ನಡುವೆ ಒಂದು ಹಪ್ಪಳವನ್ನು ಒತ್ತಿ ಹಿಡಿಯಿರಿ. ಒಂದು ಅಂಗೈ ಎಂಜಿನ್ನಿನ ಫ್ಲೈವೀಲು, ಇನ್ನೊಂದು ಸ್ಪ್ರಿಂಗುಗಳಿರುವ ಪ್ರೆಷರ್ ಪ್ಲೇಟು, ನಡುವಿನ ಹಪ್ಪಳವೇ ಕ್ಲಚ್ ಪ್ಲೇಟು. ಒತ್ತಡವಿರುವ ತನಕ ಮೂರೂ ಒಟ್ಟಿಗೆ ತಿರುಗುತ್ತವೆ. ಪೆಡಲು ತುಳಿದಾಗ ರಿಲೀಸ್ ಬೇರಿಂಗು ಮುಂದೆ ಹೋಗಿ ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತದೆ. ಆಗ ಹಿಡಿತ ಬಿಡುತ್ತದೆ, ಗೇರು ಬದಲಾಯಿಸಬಹುದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕ್ಲಚ್ಚಿಗೆ ಬರುವ ರೋಗ ಎರಡು ಬಗೆ. ಹಿಡಿಯದಿರುವುದು ಒಂದು, ಬಿಡದಿರುವುದು ಇನ್ನೊಂದು. ಎಂಜಿನ್ನಿನ ಓಟ ಏರಿದರೂ ಗಾಡಿ ಏರದಿದ್ದರೆ, ಸುಟ್ಟ ವಾಸನೆ ಬಂದರೆ, ಅದು ಹಿಡಿಯುತ್ತಿಲ್ಲ. ಪೆಡಲು ಪೂರ್ತಿ ತುಳಿದರೂ ಗೇರು ಕರಕರನೆ ಕಚ್ಚಿಕೊಂಡರೆ ಅದು ಬಿಡುತ್ತಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಿ "ಪ್ಲೇಟು ಹೋಗಿದೆ" ಎಂದುಬಿಡುವ ರೂಢಿ ನಮ್ಮಲ್ಲಿ ಬಹಳ.

ಗೇರ್‌ಬಾಕ್ಸು ಇಳಿಸುವ ಮೊದಲು ಒಂದು ಅಡಿಕೋಲು ತನ್ನಿ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಮುಕ್ಕಾಲು ಇಂಚಿನಿಂದ ಒಂದು ಇಂಚಿನಷ್ಟು ಅದು ಸುಮ್ಮನೆ, ಬಿಗಿಯಿಲ್ಲದೆ ಇಳಿಯಬೇಕು. ಇದನ್ನೇ ಫ್ರೀ ಪ್ಲೇ ಎನ್ನುತ್ತಾರೆ. ಪ್ಲೇಟು ಸವೆದಂತೆ ಈ ಸಡಿಲ ಹೆಚ್ಚುತ್ತದೆಂದು ಅನೇಕರ ನಂಬಿಕೆ. ನಿಜ ಇದಕ್ಕೆ ವಿರುದ್ಧ. ಪ್ಲೇಟು ತೆಳುವಾದಂತೆ ಬೆರಳುಗಳು ಬೇರಿಂಗಿನ ಕಡೆಗೆ ಸರಿದು ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಪೂರ್ತಿ ಇಲ್ಲವಾದಾಗ, ನೀವು ಕಾಲಿಡದಿದ್ದರೂ ಪೆಡಲನ್ನು ಯಾರೋ ಸದಾ ತುಳಿದಂತೆಯೇ ಲೆಕ್ಕ. ಒಳ್ಳೆಯ ಪ್ಲೇಟೂ ಜಾರುತ್ತದೆ, ಜಾರಿ ಸುಡುತ್ತದೆ. ಸಡಿಲ ಅತಿಯಾಗಿದ್ದರೆ ಕ್ಲಚ್ಚು ಬಿಡುವುದಿಲ್ಲ. ಎರಡಕ್ಕೂ ಮದ್ದು ಕೇಬಲ್ಲಿನ ಅಥವಾ ಸಲಾಕೆಯ ತುದಿಯ ನಟ್ಟು. ಎರಡು ಸ್ಪ್ಯಾನರು, ಕಾಲು ಗಂಟೆ. ಇಷ್ಟಕ್ಕೆ ಆಗುವ ಕೆಲಸಕ್ಕೆ ಒಂದು ಫಸಲಿನ ಉಳಿತಾಯ ಕಳೆದವರುಂಟು.

ಸಡಿಲ ಸರಿಮಾಡಿದ ಮೇಲೂ ಜಾರುತ್ತದೆಯೆ? ಮಟ್ಟಸ ನೆಲದಲ್ಲಿ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕು ಎಳೆಯಿರಿ. ಗಾಡಿಯ ಮುಂದೆ ಯಾರೂ ನಿಲ್ಲಕೂಡದು. ಮೂರನೆಯ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರು ಕೊಟ್ಟು ಪೆಡಲು ಬಿಡಿ. ಕ್ಲಚ್ಚು ಚೆನ್ನಾಗಿದ್ದರೆ ಎಂಜಿನ್ನು ಕೂಡಲೇ ನಿಂತುಹೋಗುತ್ತದೆ. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟು ನಿಜವಾಗಿ ಹೋಗಿದೆ. ಈ ಪರೀಕ್ಷೆ ಒಂದು ಸಲ ಸಾಕು. ಮತ್ತೆ ಮತ್ತೆ ಮಾಡಿದರೆ ಉಳಿದದ್ದೂ ಸುಡುತ್ತದೆ. ಪೆಡಲು ತುಳಿದಾಗ ಮಾತ್ರ ಕೀರಲು ಸದ್ದು ಬಂದರೆ ದೋಷ ಹೆಚ್ಚಾಗಿ ರಿಲೀಸ್ ಬೇರಿಂಗಿನದು.

ಬಿಚ್ಚುವ ಕೆಲಸ ಮೆಕ್ಯಾನಿಕ್ಕಿನದೇ ಆದರೂ ಮಾಲೀಕ ಪಕ್ಕದಲ್ಲಿ ನಿಂತು ನೋಡುವುದು ಲೇಸು. ಗೇರ್ ಎಣ್ಣೆ ಇಳಿಸಿ, ನೆಲದ ತಗಡು ತೆಗೆದು, ಎರಡೂ ಪ್ರೊಪೆಲ್ಲರ್ ಶಾಫ್ಟು, ಹ್ಯಾಂಡ್ ಬ್ರೇಕಿನ ಕೇಬಲ್ಲು, ಕ್ಲಚ್ಚಿನ ಸಲಾಕೆ, ಮೈಲಿ ಗಡಿಯಾರದ ತಂತಿ ಕಳಚಬೇಕು. ಈ ಜೀಪಿನ ಎಂಜಿನ್ನಿನ ಹಿಂಭಾರ ನಿಂತಿರುವುದು ಗೇರ್‌ಬಾಕ್ಸಿನ ಕೆಳಗಿನ ಅಡ್ಡಪಟ್ಟಿಯ ಮೇಲೆ. ಅದನ್ನು ಬಿಚ್ಚುವ ಮೊದಲೇ ಎಂಜಿನ್ನಿನ ಅಡಿಗೆ ಹಲಗೆಯಿಟ್ಟು ಜಾಕಿ ಕೊಡಿ. ಗಾಡಿಯನ್ನು ಎತ್ತಿದ್ದರೆ ಬರಿಯ ಜಾಕಿಯನ್ನು ನಂಬಿ ಯಾರೂ ಕೆಳಗೆ ನುಸಿಯಬಾರದು. ಮರದ ದಿಮ್ಮಿಗಳ ಮೇಲೆ ಚಾಸಿ ಕೂತಿರಬೇಕು. ಗೇರ್‌ಬಾಕ್ಸೂ ಅದಕ್ಕೆ ಅಂಟಿದ ನಾಲ್ಕು ಚಕ್ರದ ಟ್ರಾನ್ಸ್‌ಫರ್ ಪೆಟ್ಟಿಗೆಯೂ ಒಟ್ಟಿಗೇ ಇಳಿಯುತ್ತವೆ. ಒಬ್ಬರ ಎದೆಯ ಮೇಲೆ ಇಳಿಸಿಕೊಳ್ಳುವ ಭಾರ ಅದಲ್ಲ.

ಒಳಗೆ ಕಾಣುವ ಕಪ್ಪು ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬೇಡಿ. ಹಳೆಯ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ಮೇಲೆ ಕ್ಯಾನ್ಸರು ತರಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ದೂರ ಮಾಡಿ. ಮಕ್ಕಳು ಹತ್ತಿರ ಬರದಿರಲಿ.

ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಒಂದೊಂದು ಸುತ್ತಿನಂತೆ ಎದುರುಬದುರಾಗಿ ಸಡಿಲಿಸಬೇಕು. ಇಲ್ಲವಾದರೆ ಅದು ಸೊಟ್ಟಗಾಗುತ್ತದೆ. ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆಗಿತ್ತೆಂದು ಗುರುತು ಮಾಡಿಕೊಳ್ಳಿ. ಅಂಗಡಿಗೆ ಹಳೆಯ ಪ್ಲೇಟನ್ನು ಕೈಯಲ್ಲೇ ಒಯ್ಯಿರಿ. ಎಂಟೂವರೆ ಇಂಚಿನದೂ ಉಂಟು, ಒಂಬತ್ತೂಕಾಲಿನದೂ ಉಂಟು. ಅಗಲ ಅಳೆದು, ನಡುವಿನ ಹಲ್ಲುಗಳನ್ನು ಎಣಿಸಿಯೇ ಹಣ ಕೊಡಿ. ರಿಲೀಸ್ ಬೇರಿಂಗನ್ನೂ ಆಗಲೇ ಬದಲಾಯಿಸಿ. ಹತ್ತಿಪ್ಪತ್ತು ಸಾಮಾನು ಬಿಚ್ಚಿದ ಮೇಲೆ ಅದೊಂದನ್ನು ಹಳೆಯದೇ ಇಡುವುದು ಜಿಪುಣತನವೂ ಅಲ್ಲ, ಬರಿಯ ನಷ್ಟ. ಹೊಸ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯಬಾರದು, ಒಳಗಿನ ಗ್ರೀಸು ಕರಗಿಹೋಗುತ್ತದೆ. ಜೋಡಿಸುವಾಗ ಪ್ಲೇಟು ನಟ್ಟನಡುವೆ ನಿಲ್ಲಲು ಹಳೆಯ ಗೇರ್ ಶಾಫ್ಟಿನ ತುಂಡನ್ನು ತೂರಿಸಿಡುತ್ತಾರೆ. ಅದಿಲ್ಲದಿದ್ದರೆ ಬಡಗಿಯ ಕೈಯಲ್ಲಿ ಕಡೆಸಿದ ಮರದ ಗೂಟವೂ ಆದೀತು. ಗೇರ್‌ಬಾಕ್ಸು ಸೇರಿಸುವಾಗ ಅದರ ಭಾರ ಕ್ಷಣಕಾಲವೂ ಪ್ಲೇಟಿನ ಮೇಲೆ ಜೋತುಬೀಳಬಾರದು, ಹೊಸ ಪ್ಲೇಟು ಅಲ್ಲೇ ಬಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಹಳೆಯ ಪ್ಲೇಟು ಏಕೆ ಸತ್ತಿತೆಂದು ಕೇಳುವುದು. ನೆರೆಯ ಒಂದು ಊರಿನಲ್ಲಿ ಒಂದೇ ವರ್ಷದಲ್ಲಿ ಎರಡು ಪ್ಲೇಟು ಹಾಕಿಸಿದ ರೈತರಿದ್ದಾರೆ. ಎರಡೂ ಸವೆದಿರಲಿಲ್ಲ, ಎಣ್ಣೆಯಲ್ಲಿ ನೆನೆದಿದ್ದವು. ಪ್ಲೇಟು ಬದಲಾಯಿತೇ ಹೊರತು ಸೋರುವ ಸೀಲು ಬದಲಾಗಲಿಲ್ಲ. ಒಳಗಿನ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಮೂಸಿ ನೋಡಿ. ಮಂದವಾಗಿ ಗಂಧಕದ ಘಾಟು ಹೊಡೆದರೆ ಗೇರ್‌ಬಾಕ್ಸಿನದು. ತೆಳ್ಳಗೆ ಕರ್ರಗಿದ್ದರೆ ಎಂಜಿನ್ನಿನ ಹಿಂದಿನ ಸೀಲಿನದು. ಎಣ್ಣೆಯಿಲ್ಲದೆ ರಿವೆಟ್ಟು ತೇಲುವಷ್ಟು ಸವೆದಿದ್ದು, ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಕಾರಣ ಡ್ರೈವರಿನ ಎಡಗಾಲು. ಪೆಡಲಿನ ಮೇಲೆ ಪಾದವಿಟ್ಟು ಓಡಿಸುವುದು, ಏರಿನಲ್ಲಿ ಬ್ರೇಕು ಬಿಟ್ಟು ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸುವುದು, ಇವುಗಳ ಫಲ ಅದು. ಟ್ರಾಕ್ಟರಿಗೂ ಇದೇ ಮಾತು ಸಲ್ಲುತ್ತದೆ.

ನಮ್ಮವರು ಈ ಜೀಪಿನ ಲೋ ಗೇರನ್ನು ಮುಟ್ಟುವುದೇ ಕಡಿಮೆ. ನಾಲ್ಕು ಚಕ್ರ ಸೇರಿಸಿ ಲೋಗೆ ಹಾಕಿದರೆ ಚಕ್ರದ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ, ಕ್ಲಚ್ಚಿನ ಮೇಲಿನ ಹೊರೆ ಅಷ್ಟೇ ಇಳಿಯುತ್ತದೆ. ಕೆಸರಿನ ಏರಿನ ಬುಡದಲ್ಲೇ ಗಾಡಿ ನಿಲ್ಲಿಸಿ ಲೋಗೆ ಹಾಕಿ. ನಡುವೆ ಸಿಕ್ಕಿಬಿದ್ದ ಮೇಲಲ್ಲ. ಗಟ್ಟಿ ಡಾಂಬರು ರಸ್ತೆಗೆ ಬಂದೊಡನೆ ತೆಗೆಯಿರಿ. ರಾತ್ರಿ ಹೊತ್ತು ದಾರಿಯಲ್ಲಿ ಕ್ಲಚ್ಚು ಜಾರತೊಡಗಿದರೂ ಉಪಾಯ ಇದೇ: ಮೂಟೆ ಇಳಿಸಿ, ಲೋದಲ್ಲಿ ಒಂದನೆಯ ಗೇರಿಗೆ ಹಾಕಿ, ನಿಧಾನವಾಗಿ ಬನ್ನಿ. ರೋಗಿಯನ್ನು ಕೂರಿಸಿಕೊಂಡಿದ್ದರೂ ಮುಖ್ಯ ರಸ್ತೆಯ ತನಕ ಬಂದು ಬೇರೆ ಗಾಡಿ ಹಿಡಿಯಲು ಅದು ಆಗಬಹುದು.

ಹೊಸ ಪ್ಲೇಟು ಹಾಕಿಸಿದವರು ಮೊದಲ ಕೆಲವು ನೂರು ಕಿಲೋಮೀಟರು ಹೆಚ್ಚು ಭಾರ ಹೇರದೆ ಓಡಿಸಿ, ಆಮೇಲೆ ಪೆಡಲಿನ ಸಡಿಲವನ್ನು ಮತ್ತೊಮ್ಮೆ ಅಳೆಯಬೇಕು. ಮಳೆಗಾಲದ ಮುಂಚೆ ಒಂದು ಸಲ, ಅಡಿಕೆ ಕೊಯ್ಲಿಗೆ ಮುಂಚೆ ಒಂದು ಸಲ ಅಳೆದರೆ ಸಾಕು.

ಅಡಿಕೋಲೂ ಸ್ಪ್ಯಾನರುಗಳೂ ಇಲ್ಲಿವೆ. ಮಂಡಳದ ಗೆಳೆಯರು ತಮ್ಮ ಜೀಪನ್ನು ಮರದ ನೆರಳಿಗೆ ತಂದರೆ ನಟ್ಟು ತಿರುಗಿಸುವುದನ್ನು ಈಗಲೇ ತೋರಿಸುತ್ತೇನೆ.