ಅಂತರ್ಜಾಲದಲ್ಲಿ ನಮ್ಮ ಮಕ್ಕಳ ಹೆಸರು: ಕಾಯಕವೇ ಗುರುತಾಗಲಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಹೈಸ್ಕೂಲು ಓದುವ ಮಕ್ಕಳು ಅಂತರ್ಜಾಲದಲ್ಲಿ ತಮ್ಮ ವಿದ್ಯೆ ಮತ್ತು ಕೆಲಸದ ಪರಿಚಯವನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದರ ಬಗ್ಗೆ ಮಾತನಾಡಿ ಎಂದು ಪೂಜ್ಯರು ಅಪ್ಪಣೆ ಕೊಡಿಸಿದರು. ರಸ್ತೆ, ಸೇತುವೆ ಕಟ್ಟಿ ನಿವೃತ್ತನಾದವನಿಗೆ ಈ ವಿಷಯವೇಕೆ ಎಂದು ನಿಮಗೆ ಅನ್ನಿಸಬಹುದು. ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮೊಮ್ಮಗ ಹತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂದು ಉಪಕರಣ ಮಾಡಿದ. ಮನೆ ಮೇಲಿನ ಟ್ಯಾಂಕ್ ತುಂಬಿದ ಕೂಡಲೇ ಮೋಟಾರು ತಾನಾಗಿಯೇ ನಿಲ್ಲಬೇಕು. ನೀರು ಸುಮ್ಮನೆ ಹರಿದು ಹೋಗುವುದನ್ನು ಓಣಿಯಲ್ಲಿ ನೋಡಿ ನೋಡಿ ಅವನಿಗೆ ಹೊಳೆದ ವಿಚಾರ ಅದು. ಥರ್ಮಾಕೋಲ್, ಪ್ಲಾಸ್ಟಿಕ್ ಬಾಟಲಿ ಹಿಡಿದು ತೇಲುವ ಭಾಗವನ್ನು ಅವನೇ ಮಾಡಿದ. ಆದರೆ ವಿದ್ಯುತ್ ಜೋಡಣೆ ಪೂರ್ತಿ ನನ್ನದು. ಕೈ ಸುಮ್ಮನಿರಲಿಲ್ಲ, ಮಾಡಿಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಹೆಸರಿನಲ್ಲಿ ಅಂತರ್ಜಾಲದಲ್ಲಿ ಒಂದು ಪುಟ ತೆರೆದು, ‘ಯುವ ಸಂಶೋಧಕ, ಸ್ವಯಂಚಾಲಿತ ನೀರು ಉಳಿತಾಯ ಯಂತ್ರದ ರೂವಾರಿ’ ಎಂದು ನಾನೇ ಬರೆದೆ. ಮುಂದೆ ಒಳ್ಳೆಯ ಕಾಲೇಜಿಗೆ, ವಿದ್ಯಾರ್ಥಿವೇತನಕ್ಕೆ ಇದು ಉಪಯೋಗವಾಗುತ್ತದೆ ಎಂಬ ಆಸೆ. ಹುಡುಗ ಅದನ್ನು ಓದಿ ಕೇಳಿದ: “ಅಜ್ಜಾ, ಇದರಾಗ ನಂದು ಎಷ್ಟ ಐತಿ, ನಿಂದು ಎಷ್ಟ ಐತಿ?” ನಾನು ನಕ್ಕು ಸುಮ್ಮನಾದೆ.

ಪ್ರದರ್ಶನದ ದಿನ ಪರೀಕ್ಷಕರಾಗಿ ಬಂದ ತಾಯಿಯವರು ಆ ಪುಟವನ್ನು ಓದಿಕೊಂಡೇ ಬಂದಿದ್ದರು. ಬಹಳ ಪ್ರೀತಿಯಿಂದಲೇ ಕೇಳಿದರು: “ನಡುವೆ ಈ ರಿಲೇ ಯಾಕೆ ಹಾಕಿದ್ದೀಯಪ್ಪಾ?” ಉತ್ತರ ಸುಲಭ. ಒಳಗಿನ ಪುಟ್ಟ ಸರ್ಕ್ಯೂಟು ನಡೆಯುವುದು 5 ವೋಲ್ಟಿನಲ್ಲಿ, ಮೋಟಾರು 230 ವೋಲ್ಟಿನಲ್ಲಿ. ಎರಡನ್ನೂ ನೇರವಾಗಿ ಜೋಡಿಸಿದರೆ ಸರ್ಕ್ಯೂಟು ಸುಟ್ಟುಹೋಗುತ್ತದೆ. ನಡುವೆ ಕಾವಲುಗಾರನಂತೆ ರಿಲೇ ಬೇಕು. ಇದನ್ನು ನಾನು ಅವನಿಗೆ ಹೇಳಿಕೊಟ್ಟಿರಲೇ ಇಲ್ಲ. ಹುಡುಗ ತಲೆ ತಗ್ಗಿಸಿ ನಿಂತ. ಅವನೇ ಮಾಡಿದ್ದ ತೇಲುವ ಭಾಗದ ಬಗ್ಗೆ ಆಮೇಲೆ ಕೇಳಿದಾಗಲೂ ಅವನ ಬಾಯಿಂದ ಮಾತು ಹೊರಡಲಿಲ್ಲ. ಇಲ್ಲದ್ದನ್ನು ಅವನ ಹೆಸರಿಗೆ ಬರೆಯಲು ಹೋಗಿ, ಇದ್ದದ್ದನ್ನೂ ಅವನಿಂದ ಕಸಿದುಕೊಂಡೆ.

ಬಂಧುಗಳೇ, ಮೂವತ್ತಕ್ಕೂ ಹೆಚ್ಚು ವರ್ಷ ಇಲಾಖೆಯಲ್ಲಿ ಅಳತೆ ಪುಸ್ತಕ ಬರೆದವನು ನಾನು. ಅದನ್ನು ನಾವು ಎಂ.ಬಿ. ಎನ್ನುತ್ತೇವೆ. ಅದರ ಪ್ರತಿ ಪುಟಕ್ಕೂ ಸಂಖ್ಯೆ ಇರುತ್ತದೆ. ಒಂದು ಹಾಳೆಯನ್ನೂ ಹರಿಯುವಂತಿಲ್ಲ. ಬರೆದದ್ದರ ಮೇಲೆ ಮತ್ತೆ ಬರೆಯುವಂತಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಹಾಕಿ ದಿನಾಂಕ ನಮೂದಿಸಬೇಕು. ಗುತ್ತಿಗೆದಾರರು ತಮ್ಮ ಕೆಲಸವನ್ನು ಎಷ್ಟೇ ಬಣ್ಣಿಸಲಿ, ಬಿಲ್ಲು ಆಗುವುದು ಎಂ.ಬಿ.ಯಲ್ಲಿರುವ ಅಳತೆಯ ಮೇಲೆ. ಅದರ ಮೇಲೂ ಮೇಲಧಿಕಾರಿಗಳು ಸ್ಥಳಕ್ಕೆ ಬಂದು ಟೇಪು ಹಿಡಿದು ಮತ್ತೊಮ್ಮೆ ಅಳೆಯುತ್ತಾರೆ. ಇಷ್ಟೆಲ್ಲ ಗೊತ್ತಿದ್ದ ನಾನು ಮೊಮ್ಮಗನ ವಿಷಯದಲ್ಲಿ ಅಳೆಯದೆ ಬರೆದೆ.

ಹಾಗಾದರೆ ಮಕ್ಕಳಿಗೆ ಇಂಥ ಪುಟವೇ ಬೇಡವೇ? ಬೇಕು. ನಮ್ಮ ಪ್ರಸಾದ ನಿಲಯದ ಮಕ್ಕಳಿಗಂತೂ ಖಂಡಿತ ಬೇಕು. ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ನಾಲ್ಕು ಕಡೆ ಪರಿಚಯ ಹೇಳಲು ಸೋದರಮಾವ, ಚಿಕ್ಕಪ್ಪ ಇರುತ್ತಾರೆ. ಹೊಲದಲ್ಲಿ ದುಡಿಯುವ ತಂದೆಯ ಮಗಳಿಗೆ ಆ ವಶೀಲಿ ಎಲ್ಲಿಂದ ಬರಬೇಕು? ಅವಳ ಕೆಲಸವೇ ಅವಳ ಪರಿಚಯ ಪತ್ರ. ಆ ಕೆಲಸ ನಾಲ್ಕು ಜನರಿಗೆ ಕಾಣುವ ಕಡೆ ಇದ್ದರೆ ಮುಂದೆ ಕಾಲೇಜಿನವರು, ವಿದ್ಯಾರ್ಥಿವೇತನ ಕೊಡುವವರು, ಕೆಲಸ ಕೊಡುವವರು ತಾವೇ ನೋಡಿ ತೂಗಬಹುದು.

ಇದು ನಮಗೆ ಹೊಸ ವಿಚಾರವೂ ಅಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ. ಹೆಸರಿಗಿಂತ ಮುಂಚೆ ಕೆಲಸ ನಿಂತಿದೆ. ಅಂದಿನ ಸಮಾಜ ಯಾವ ಕೆಲಸದ ಹೆಸರು ಹೇಳಿ ಅವರನ್ನು ಕೆಳಗಿಟ್ಟಿತ್ತೋ, ಅದೇ ಹೆಸರನ್ನು ಅವರು ಗೌರವದ ಹೆಸರಾಗಿ ಮಾಡಿಕೊಂಡರು. ಅಂಬಿಗರ ಚೌಡಯ್ಯನವರು ತಮ್ಮ ವಚನಗಳಿಗೆ ಆ ಹೆಸರನ್ನೇ ಅಂಕಿತವಾಗಿಟ್ಟರು. ದೋಣಿ ನಡೆಸುವವನು ನಾನು ಎಂದು ಹೇಳಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ, ಅದಕ್ಕಿಂತ ದೊಡ್ಡ ಬಿರುದೂ ಬೇಕಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಮಾರಯ್ಯನವರು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಲಕ್ಕಮ್ಮನವರು ಹೆಚ್ಚಿನದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಲಿಲ್ಲ. ತಂದಲ್ಲಿಗೇ ಹಿಂದಿರುಗಿಸಿ ಬನ್ನಿ ಎಂದರು. ಮಕ್ಕಳೇ, ನಿಮ್ಮ ಪರಿಚಯದ ಪುಟ ಬರೆದು ಮುಗಿಸಿದ ಮೇಲೆ ಲಕ್ಕಮ್ಮನವರು ಪಕ್ಕದಲ್ಲಿ ಕುಳಿತು ಓದುತ್ತಿದ್ದಾರೆ ಎಂದುಕೊಳ್ಳಿ. ಅದರಲ್ಲಿ ಹೆಚ್ಚಿನ ಅಕ್ಕಿ ಎಷ್ಟಿದೆ? ಒಂದು ದಿನದ ಶಿಬಿರಕ್ಕೆ ಹೋಗಿ ಬಂದು ‘ತರಬೇತಿ ಪಡೆದ ಪರಿಣತ’ ಎಂದು ಬರೆದಿದ್ದೀರಾ? ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುವ ಪ್ರಮಾಣಪತ್ರ ಅಂಟಿಸಿದ್ದೀರಾ? ಕೃತಕ ಬುದ್ಧಿಮತ್ತೆಯಿಂದ ಪ್ರಬಂಧ ಬರೆಸಿ ಕೆಳಗೆ ನಿಮ್ಮ ಹೆಸರು ಹಾಕಿದ್ದೀರಾ? ಅದೆಲ್ಲ ಹಿಂದಕ್ಕೆ ಹೋಗಲಿ.

ಇನ್ನು ಏನು ಹಾಕಬೇಕು? ನಮ್ಮ ನಿಲಯದಲ್ಲಿದ್ದ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಕೆಲಸ ಹೇಳುತ್ತೇನೆ. ಅವಳು ಮಹಡಿಯ ಮೇಲೆ ನೇರ ಅಂಚಿನ ಒಂದು ಡಬ್ಬಿ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಹಿಡಿದು ಮಳೆ ಅಳೆದಳು. ಹವಾಮಾನ ಇಲಾಖೆಯವರು ಮಳೆ ಲೆಕ್ಕ ಹಾಕುವ ಹೊತ್ತೂ ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಟುಪುಸ್ತಕದಲ್ಲಿ ದಿನಾಂಕ, ಮಿಲಿಮೀಟರು ಬರೆದಿಟ್ಟಳು. ನಡುವೆ ಹನ್ನೊಂದು ದಿನ ಖಾಲಿ ಬಿಟ್ಟು, ಮುಂದೆ ‘ಊರಿಗೆ ಹೋಗಿದ್ದೆ’ ಎಂದು ಬರೆದಿದ್ದಳು. ಆ ಹನ್ನೊಂದು ಖಾಲಿ ಮನೆಗಳನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಂದಾಜಿಗೆ ಒಂದೊಂದು ಅಂಕಿ ತುಂಬುವುದು ಎಷ್ಟು ಸುಲಭವಿತ್ತು! ತುಂಬಲಿಲ್ಲ. ಹಾಗಾಗಿ ಉಳಿದ ಅಂಕಿಗಳನ್ನು ನಂಬಬಹುದು. ಆ ಪಟ್ಟಿ, ಡಬ್ಬಿಯ ಚಿತ್ರ, ಅಳೆದ ರೀತಿಯ ಬಗ್ಗೆ ಹತ್ತು ಸಾಲು. ಇಷ್ಟನ್ನು ಒಂದು ಪುಟದಲ್ಲಿ ಹಾಕಿದರೆ ಅದು ನೂರು ಪ್ರಮಾಣಪತ್ರಕ್ಕಿಂತ ಮೇಲು.

ಹೀಗೆ ಪ್ರಾಮಾಣಿಕವಾಗಿ ದಾಖಲಿಸಲು ಒಳ್ಳೆಯ ಜಾಗಗಳು ಇವೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ನಿಮ್ಮ ಊರಿನ ಕೆರೆ, ಶಾಸನ, ಬೆಳೆಗಳ ಬಗ್ಗೆ ನಂಬಲರ್ಹ ಪುಸ್ತಕದ ಆಧಾರ ಕೊಟ್ಟು ಅಲ್ಲಿ ಬರೆಯಬಹುದು. ಆದರೆ ನಿಮ್ಮ ಬಗ್ಗೆ ನೀವೇ ಲೇಖನ ಬರೆದುಕೊಳ್ಳಬಾರದು. ಪ್ರತಿ ಲೇಖನದ ಹಿಂದೆ ‘ಇತಿಹಾಸ’ ಎಂಬ ಪುಟವಿದೆ. ಯಾರು, ಯಾವ ದಿನ, ಯಾವ ಅಕ್ಷರ ತಿದ್ದಿದರು ಎಂಬುದೆಲ್ಲ ಅಲ್ಲಿ ಉಳಿಯುತ್ತದೆ. ನನಗೆ ಅದನ್ನು ಮೊದಲ ಸಲ ನೋಡಿದಾಗ ಎಂ.ಬಿ. ನೋಡಿದಂತೆಯೇ ಆಯಿತು. ಪ್ರೋಗ್ರಾಮಿಂಗ್ ಕಲಿಯುವವರು ತಮ್ಮ ಕೆಲಸವನ್ನು ಗಿಟ್‌ಹಬ್‌ನಲ್ಲಿ ಇಟ್ಟರೆ ಅಲ್ಲಿಯೂ ಪ್ರತಿ ಬದಲಾವಣೆ ದಿನಾಂಕದೊಂದಿಗೆ ದಾಖಲಾಗುತ್ತದೆ. ಚಿಕ್ಕ ಮಕ್ಕಳಿಗೆ ಸ್ಕ್ರ್ಯಾಚ್ ಇದೆ. ಇವೆಲ್ಲ ಉಚಿತ. ನೀವು ಅಲ್ಲಿಟ್ಟದ್ದನ್ನು ನೋಡಿ ಇನ್ನೊಂದು ಊರಿನ ಮಗು ಕಲಿಯುತ್ತದೆ. ಹೀಗೆ ವಿದ್ಯೆಯೂ ದಾಸೋಹವಾಗುತ್ತದೆ.

ಇನ್ನೊಂದು ಮಾತನ್ನು ನೋವಿನಿಂದ ಹೇಳುತ್ತೇನೆ. ನಮ್ಮ ಹುಡುಗರ ಇನ್‌ಸ್ಟಾಗ್ರಾಂ ಪುಟಗಳನ್ನು ನೋಡಿದ್ದೇನೆ. ಹೆಸರಿನ ಪಕ್ಕದಲ್ಲಿ ಒಳಪಂಗಡದ ಹೆಸರು, ಅದರ ಪಕ್ಕದಲ್ಲಿ ಕಿರೀಟದ ಚಿತ್ರ. ಬೇರೆ ಒಳಪಂಗಡದವರನ್ನು ಹಂಗಿಸುವ ಹಾಡು, ಬೈಗುಳ. ಕೊರಳಲ್ಲಿ ಲಿಂಗ ಧರಿಸಿದವರೇ ಹೀಗೆ ಬರೆದರೆ ಅನುಭವ ಮಂಟಪದ ವಾರಸುದಾರರು ಎಂದು ನಾವು ಯಾವ ಬಾಯಿಂದ ಹೇಳಿಕೊಳ್ಳಬೇಕು? ಐದು ವರ್ಷದ ನಂತರ ಅದನ್ನು ಓದುವವರು ಯಾರೆಂದು ಯಾರು ಬಲ್ಲರು? ನೀವು ಅಳಿಸಿದರೂ ಬೇರೆಯವರ ಫೋನಿನಲ್ಲಿ ಅದರ ಚಿತ್ರ ಉಳಿದಿರುತ್ತದೆ. ಇಂದೇ ಮನೆಗೆ ಹೋಗಿ ಹೆಸರಿನ ಮುಂದಿನ ಆ ಪದವನ್ನು ತೆಗೆಯಿರಿ. ಆ ಜಾಗದಲ್ಲಿ ನಿಮಗೆ ಬರುವ ಒಂದು ಕೆಲಸದ ಹೆಸರು ಬರೆಯಿರಿ. ಯಾವ ಕೆಲಸವೂ ಬರುವುದಿಲ್ಲವಾದರೆ ಕಲಿಯುವವರೆಗೆ ಖಾಲಿ ಬಿಡಿ.

ಹೆಣ್ಣುಮಕ್ಕಳ ತಂದೆ ತಾಯಂದಿರಲ್ಲಿ ಒಂದು ವಿನಂತಿ. ಭಯದಿಂದ ಮಗಳ ಹೆಸರು ಎಲ್ಲಿಯೂ ಬಾರದಂತೆ ಮುಚ್ಚಿಡಬೇಡಿ. ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಶರಣೆಯರು ತಮ್ಮದೇ ಅಂಕಿತದಲ್ಲಿ ವಚನ ಬರೆದ ಪರಂಪರೆ ನಮ್ಮದು. ಮುಖದ ಚಿತ್ರವಿಲ್ಲದೆಯೂ, ಮನೆಯ ವಿವರವಿಲ್ಲದೆಯೂ ಕೆಲಸ ತೋರಿಸಬಹುದು. ವಿಕಿಪೀಡಿಯದಲ್ಲಿ, ಸ್ಕ್ರ್ಯಾಚ್‌ನಲ್ಲಿ ಅಂಕಿತದಂತೆ ಬೇರೊಂದು ಹೆಸರು ಇಟ್ಟುಕೊಳ್ಳಲು ಅವಕಾಶವಿದೆ. ಅಂಕಿತದ ಹಿಂದೆ ಯಾರಿದ್ದಾರೆ ಎಂದು ಬೇಕಾದಾಗ, ಬೇಕಾದವರಿಗೆ ಮಾತ್ರ ತಿಳಿಸಿದರೆ ಸಾಕು.

ಎಚ್ಚರಿಕೆ ಮಾತ್ರ ಎಲ್ಲರಿಗೂ ಬೇಕು. ಯೂಟ್ಯೂಬ್, ಇನ್‌ಸ್ಟಾಗ್ರಾಂ ಖಾತೆಗೆ 13 ವರ್ಷ, ಉದ್ಯೋಗ ಸಂಬಂಧದ ಲಿಂಕ್ಡ್‌ಇನ್‌ಗೆ 16 ವರ್ಷ ತುಂಬಿರಬೇಕೆಂದು ಆ ಸಂಸ್ಥೆಗಳದೇ ನಿಯಮ. ಹುಟ್ಟಿದ ವರ್ಷ ಸುಳ್ಳು ಬರೆದು ಖಾತೆ ತೆರೆದರೆ ವೃತ್ತಿಜೀವನದ ಮೊದಲ ಸಾಲೇ ಸುಳ್ಳಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆದ್ದರಿಂದ ಖಾತೆ ತೆರೆಯುವಾಗ ಅಪ್ಪ ಅಥವಾ ಅಮ್ಮ ಪಕ್ಕದಲ್ಲಿರಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಗಳಿಗೆಗೆ ಅಂಕಪಟ್ಟಿಯನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತೇವೆ. ಅದರಲ್ಲಿ ನೋಂದಣಿ ಸಂಖ್ಯೆ, ಜನ್ಮದಿನಾಂಕ, ತಂದೆ ತಾಯಿಯ ಹೆಸರು ಎಲ್ಲ ಇರುತ್ತದೆ. ಮೋಸಗಾರರಿಗೆ ಅಷ್ಟು ಸಾಕು. ಅಂಕಪಟ್ಟಿ ಡಿಜಿಲಾಕರ್‌ನಲ್ಲಿರಲಿ, ಕೇಳಿದ ಕಚೇರಿಗೆ ಮಾತ್ರ ತೋರಿಸಿ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಅದನ್ನು ತೆಗೆದ ಸ್ಥಳವೂ ದಾಖಲಾಗಿರಬಹುದು, ಕ್ಯಾಮೆರಾದ ಸ್ಥಳ ಗುರುತಿಸುವ ಸೌಲಭ್ಯ ನಿಲ್ಲಿಸಿಯೇ ಚಿತ್ರ ತೆಗೆಯಿರಿ. ಇಮೇಲ್ ವಿಳಾಸ ತಮಾಷೆಯ ಹೆಸರಿನಲ್ಲಿ ಬೇಡ, ಅದರಲ್ಲಿ ಹುಟ್ಟಿದ ವರ್ಷವೂ ಬೇಡ. ಪಾಸ್‌ವರ್ಡ್ ಜೊತೆಗೆ ಎರಡನೆಯ ಹಂತದ ಪರಿಶೀಲನೆ ಇಟ್ಟುಕೊಳ್ಳಿ. ಯಾರಾದರೂ ನಿಮ್ಮ ಕೆಲಸ ಹೊಗಳಿ ಗುಟ್ಟಾಗಿ ಮಾತಿಗೆ ಕರೆದರೆ ಆ ಸಂದೇಶವನ್ನು ಮನೆಯವರಿಗೆ ತೋರಿಸಿ. ಹೇಳಲು ಹೆದರಿಕೆಯಾದರೆ ಮಕ್ಕಳ ಸಹಾಯವಾಣಿ 1098 ಇದೆ. ಹಣದ ಮೋಸವಾದರೆ 1930ಕ್ಕೆ ಕರೆ ಮಾಡಿ.

ಪೂಜ್ಯರ ಸನ್ನಿಧಿಯಲ್ಲಿ ಒಂದು ಭಿನ್ನಹವಿದೆ. ನಿಲಯದಲ್ಲಿ ವಾರಕ್ಕೊಮ್ಮೆ ಒಂದು ಗಂಟೆ, ಎರಡು ಕಂಪ್ಯೂಟರು, ಮೇಲ್ವಿಚಾರಣೆಗೆ ನಮ್ಮಂಥ ನಿವೃತ್ತರು ಇಬ್ಬರು. ಇಷ್ಟಾದರೆ ಪ್ರತಿ ಮಗುವೂ ವರ್ಷಕ್ಕೆ ಒಂದು ಕೆಲಸವನ್ನಾದರೂ ಮಾಡಿ ದಾಖಲಿಸಬಹುದು. ನಾನು ಬರಲು ಸಿದ್ಧನಿದ್ದೇನೆ. ಆದರೆ ಈ ಸಲ ಕೈ ಕಟ್ಟಿಕೊಂಡು ಕೂರುತ್ತೇನೆ. ಕೇಳಿದರೆ ಹೇಳಿಕೊಡುತ್ತೇನೆ, ಮಾಡಿಕೊಡುವುದಿಲ್ಲ.

ಮೊಮ್ಮಗನ ಪುಟ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಪ್ರದರ್ಶನದಿಂದ ಬಂದ ರಾತ್ರಿ ಅವನ ಮುಂದೆ ಕುಳಿತು ನನ್ನ ತಪ್ಪು ಒಪ್ಪಿಕೊಂಡೆ. ಪುಟ ಅಳಿಸಿಬಿಡೋಣ ಎಂದೆ. ಬೇಡ ಎಂದ. ಎಂ.ಬಿ.ಯ ನಿಯಮವನ್ನು ನಾನೇ ಹಿಂದೊಮ್ಮೆ ಅವನಿಗೆ ಹೇಳಿದ್ದೆನಂತೆ! ನಾನು ಬರೆದ ಸಾಲಿನ ಮೇಲೆ ಗೆರೆ ಎಳೆದು, ದಿನಾಂಕ ಹಾಕಿ ಕೆಳಗೆ ಬರೆದ: ‘ತೇಲುವ ಭಾಗ ನಾನು ಮಾಡಿದೆ. ವಿದ್ಯುತ್ ಜೋಡಣೆ ನನ್ನ ಅಜ್ಜ ಮಾಡಿದರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಈಗ ಕಲಿಯುತ್ತಿದ್ದೇನೆ.’ ಎರಡು ತಿಂಗಳ ನಂತರ ಅದೇ ಸರ್ಕ್ಯೂಟನ್ನು ಬಿಚ್ಚಿ ತಾನೇ ಜೋಡಿಸಿದ. ಮೊದಲ ಸಲ ನಡೆಯಲಿಲ್ಲ. ಅದನ್ನೂ ಪುಟದಲ್ಲಿ ಬರೆದ. ಈಗ ರಿಲೇ ಯಾಕೆ ಬೇಕೆಂದು ಯಾರು ಕೇಳಿದರೂ ತಲೆ ಎತ್ತಿ ಹೇಳುತ್ತಾನೆ.

ಅಂತರ್ಜಾಲದ ನುಡಿಗೂ ಕೈಯ ನಡೆಗೂ ನಡುವೆ ಅಂತರವಿರದ ಹೆಸರು ನಮ್ಮ ಎಲ್ಲ ಮಕ್ಕಳದಾಗಲಿ ಎಂದು ಹಾರೈಸುತ್ತೇನೆ.