ಕಾಲೇಜಿನ ಮಕ್ಕಳಿಗೆ ನಾಲ್ಕು ಗುಂಟೆ



ಕೃಷಿ ಕಾಲೇಜಿನಲ್ಲಿ ಓದುವ ಮಗಳು ರಜೆಗೆ ಊರಿಗೆ ಬಂದು, "ಅಪ್ಪಾ, ಈ ಮುಂಗಾರಿಗೆ ಹೊಲದಲ್ಲಿ ನಾಲ್ಕು ಗುಂಟೆ ನನಗೆ ಬಿಟ್ಟುಕೊಡು, ಒಂದು ಪ್ರಯೋಗ ಮಾಡಬೇಕು" ಎಂದರೆ ತಾವು ಏನೆನ್ನುವಿರಿ? "ನಿನ್ನ ಓದೋಕೆ ಕಳಿಸಿದ್ದು, ಮಣ್ಣು ಹೊರೋಕಲ್ಲ" ಎಂದು ಗದರುವವರುಂಟು. ಗದರುವ ಮೊದಲು ನನ್ನ ನಾಲ್ಕು ಮಾತು ಕೇಳಿ.

ಮಾಡಿ ಕಲಿಯುವುದೂ ಓದಿನ ಭಾಗವೇ. ಕೃಷಿ ಪದವಿಯ ವಿದ್ಯಾರ್ಥಿಗಳಿಗಾಗಿ 2015ರ ಜುಲೈ 25ರಂದು 'ಸ್ಟೂಡೆಂಟ್ ರೆಡಿ' ಎಂಬ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಯಲ್ಲಿದ್ದು ಕೆಲಸ ಕಲಿಯುವುದು, ಅನುಭವದ ಕಲಿಕೆ, ವಿದ್ಯಾರ್ಥಿಯೇ ಕೈಗೊಳ್ಳುವ ಯೋಜನೆ ಇವೆಲ್ಲ ಅದರಲ್ಲಿ ಸೇರಿವೆ. ಆದರೆ ಸ್ವಂತ ಯೋಜನೆ ಮಾಡುವವರು ಮೊದಲು ಅದನ್ನು ಬರೆದು ಅಧ್ಯಾಪಕರ ಒಪ್ಪಿಗೆ ಪಡೆಯಬೇಕು. ಇದಕ್ಕೆ ಪ್ರಸ್ತಾವನೆ ಎನ್ನುತ್ತಾರೆ. ಬರೆಯದೆ ಹೊರಟರೆ ಏನಾಗುತ್ತದೆಂಬುದು ನನಗೆ ಗೊತ್ತು.

ನಾನು ಡಿಪ್ಲೊಮಾ ಓದುವಾಗ ರಾಗಿ ಬೀಜಕ್ಕೆ ಅಜೋಸ್ಪಿರಿಲಂ ಲೇಪಿಸಿ ನಮ್ಮ ಹೊಲಕ್ಕೆಲ್ಲ ಬಿತ್ತಿಸಿದೆ. ಬೆಳೆ ಚೆನ್ನಾಗಿ ಬಂತು. ನಾನು ಹಿಗ್ಗಿದೆ. ಅಪ್ಪ ಕೇಳಿದರು: "ಇದು ನಿನ್ನ ಮದ್ದಿನ ಗುಣವೋ, ಈ ವರ್ಷದ ಮಳೆಯ ಗುಣವೋ?" ಲೇಪಿಸದ ಬೀಜವನ್ನು ಒಂದು ಸಾಲಾದರೂ ಬಿತ್ತಿದ್ದರೆ ಹೇಳಬಹುದಾಗಿತ್ತು. ಬಿತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಆದ್ದರಿಂದ ಪ್ರಸ್ತಾವನೆಯಲ್ಲಿ ಮೊದಲು ಬರಬೇಕಾದದ್ದು ಒಂದೇ ಒಂದು ಪ್ರಶ್ನೆ. ಹಾವೇರಿ ಕಡೆಯ ಗುಳಿ ರಾಗಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಒಂದೂವರೆ ಅಡಿಗೊಂದು ಗುಳಿ ಮಾಡಿ, ಗೊಬ್ಬರ ಹಾಕಿ, ಎರಡೆರಡು ಸಸಿ ನೆಡುತ್ತಾರೆ. ಪೈರು ಎಳೆಯದಿರುವಾಗಲೇ ಅದರ ಮೇಲೆ ಕೊರಡು ಎಳೆಯುತ್ತಾರೆ. ಬಾಗಿದ ಪೈರು ಹೆಚ್ಚು ತೆಂಡೆ ಒಡೆಯುತ್ತದೆ. "ಇದು ನಮ್ಮ ಹೊಲದಲ್ಲಿ ಕೂರಿಗೆ ಬಿತ್ತನೆಗಿಂತ ಲಾಭವೇ?" ಇದು ಒಳ್ಳೆಯ ಪ್ರಶ್ನೆ.

ಎರಡನೆಯದು, ಮಾಡುವ ಬಗೆ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಂದು ಗುಂಟೆಗೆ 484 ಗುಳಿ, 968 ಸಸಿ ಬೇಕು. ಒಂದೊಂದು ಗುಂಟೆಯ ನಾಲ್ಕು ಪಟ್ಟಿ ಮಾಡಿ, ಮೇಲಿನಿಂದ ಕೆಳಕ್ಕೆ ಗುಳಿ, ಕೂರಿಗೆ, ಕೂರಿಗೆ, ಗುಳಿ ಎಂದು ಹಂಚಬೇಕು. ಇಳಿಜಾರಿನ ಫಲವತ್ತು ಮಣ್ಣು ಒಂದೇ ಕಡೆಗೆ ಸಿಕ್ಕರೆ ಹೋಲಿಕೆ ಕೆಡುತ್ತದೆ. ಬೀಜ ಒಂದೇ ತಳಿಯದಿರಲಿ. ಪಟ್ಟಿಗೆ ಸಲ್ಲುವ ಗೊಬ್ಬರದ ತೂಕವೂ ಒಂದೇ ಇರಲಿ. ಕೂರಿಗೆ ಹಿಡಿದ ದಿನವೇ ಸಸಿಮಡಿಗೂ ಬೀಜ ಬೀಳಲಿ.

ಮೂರನೆಯದು, ಲೆಕ್ಕ. ಕಾಳು ಒಣಗಿಸಿ ತೂಗಬೇಕು, ಹುಲ್ಲನ್ನೂ ತೂಗಬೇಕು, ದನಕ್ಕೆ ಬೇಕಲ್ಲ! ತಾಯಂದಿರೇ, ಇಲ್ಲಿ ತಾವು ಮಗಳನ್ನು ಒಂದು ಮಾತು ಕೇಳಿ: "ನಾಟಿಗೆ ಬಾಗಿದ ನಮ್ಮ ಬೆನ್ನಿನ ಕೂಲಿ ಎಲ್ಲಿ ಬರೆದಿದ್ದೀಯಮ್ಮ?" ಮನೆಯವರ ದುಡಿಮೆಯನ್ನು ಬಿಟ್ಟು ತೋರಿಸಿದ ಲಾಭ ಲಾಭವೇ ಅಲ್ಲ.

ನಾಲ್ಕನೆಯದು, ನಷ್ಟವಾದರೆ ಹೊರುವವರು ಯಾರು ಎಂಬುದು. ಇದನ್ನು ಮನೆಯಲ್ಲಿ ಕುಳಿತು ಮೊದಲೇ ಮಾತಾಡಿ ಬರೆದಿಡಿ. ನಲವತ್ತು ಗುಂಟೆಯ ಎಕರೆಯಲ್ಲಿ ನಾಲ್ಕು ಗುಂಟೆ ಹತ್ತರಲ್ಲೊಂದು ಪಾಲು. ಅದು ಸೋತರೂ ಕಣಜ ಬರಿದಾಗದು. ಅದೂ ಭಾರವೆನಿಸುವ ಮನೆಯವರು ಪಟ್ಟಿಗಳನ್ನು ಅರ್ಧರ್ಧ ಗುಂಟೆಗೆ ಇಳಿಸಿಕೊಳ್ಳಿ.

ಗುಳಿ ರಾಗಿ ನಿಮ್ಮ ಹೊಲದಲ್ಲಿ ಸೋಲಲೂಬಹುದು. ಆಗ ಮಗಳು ಸೋತಳೆನ್ನಬೇಡಿ. ಸರಿಯಾಗಿ ಅಳೆದು "ನಮ್ಮ ಹೊಲಕ್ಕೆ ಇದು ಒಗ್ಗದು" ಎಂದು ಬರೆದರೆ ಅದೂ ಕಲಿತಂತೆಯೇ. ನೆರೆಯವರ ಹತ್ತು ಎಕರೆ ಉಳಿದೀತು.

ಮಳೆ ಬಂದಮೇಲೆ ಬರೆಯಲು ಪುರಸೊತ್ತಿಲ್ಲ. ಮಕ್ಕಳು ಕಾಗದ ತಂದಾಗ ಓದಿಸಿ ಕೇಳಿ, ತಪ್ಪಿದ್ದರೆ ತಿದ್ದಿ. ಹೊಲದ ಸಂಗತಿ ಅವರ ಅಧ್ಯಾಪಕರಿಗಿಂತ ತಮಗೇ ಹೆಚ್ಚು ಗೊತ್ತು.