ಲ್ಯಾವೆಂಡರ್ ನೋಡೋಕೆ ಫ್ರಾನ್ಸ್‌ಗೇ ಹೋಗ್ಬೇಕಾ? ಭದರ್‌ವಾಹ್ ಫೋಟೊ ಟ್ರಿಪ್‌ನ ಲೆಕ್ಕಾಚಾರ

ಇವತ್ತಿನ ವಿಷಯ ನೇರಳೆ ಬಣ್ಣದ್ದು.

ಇನ್‌ಸ್ಟಾಗ್ರಾಂನಲ್ಲಿ ಆ ಫೋಟೊ ನೀವೂ ನೋಡಿರ್ತೀರಿ. ಸಾಲು ಸಾಲು ಲ್ಯಾವೆಂಡರ್, ಮಧ್ಯೆ ಒಂದು ಒಂಟಿ ಮರ, ಹಿಂದೆ ಮುಳುಗ್ತಿರೋ ಸೂರ್ಯ. ಅದು ಹೆಚ್ಚಾಗಿ ಫ್ರಾನ್ಸಿನ ಪ್ರೊವಾನ್ಸ್‌ನ ವಲೊನ್ಸೋಲ್ ಪ್ರಸ್ಥಭೂಮಿ. ಅಲ್ಲಿ ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಹೂವು. ನನ್ನ ಆಸೆಯೂ ಅದೇ ಆಗಿತ್ತು. ಆದರೆ ನಾನು ಬಿ.ಕಾಂ. ಓದಿದವಳು, ಆಸೆ ಬಂದ ತಕ್ಷಣ ಕೈ ಎಕ್ಸೆಲ್ ಶೀಟ್ ಕಡೆ ಹೋಗುತ್ತೆ. ಷೆಂಗೆನ್ ವೀಸಾ ಶುಲ್ಕವೇ 90 ಯೂರೋ, ಅದರ ಮೇಲೆ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ, ಆಮೇಲೆ ವಿಮಾನ, ಬಾಡಿಗೆ ಕಾರು, ರೂಮು. ತಿಂಗಳು ತಿಂಗಳು ಕಟ್ಟಿದ ನನ್ನ ಆರ್‌ಡಿ ದುಡ್ಡು ವಿಮಾನದ ಟಿಕೆಟ್ಟಿಗೇ ಮುಗೀತಿತ್ತು. ಹಾಗಾಗಿ ಈ ಜೂನ್‌ಗೆ ನಾನು ಪ್ಲಾನ್ ಮಾಡ್ತಿರೋದು ಜಮ್ಮುವಿನ ದೋಡಾ ಜಿಲ್ಲೆಯ ಭದರ್‌ವಾಹ್‌ಗೆ.

ಅಲ್ಲಿ ಲ್ಯಾವೆಂಡರ್ ಎಲ್ಲಿಂದ ಬಂತು ಅಂತೀರಾ? ಅಲ್ಲಿಯ ರೈತರು ಬೆಳೀತಿದ್ದದ್ದು ಮುಖ್ಯವಾಗಿ ಮೆಕ್ಕೆಜೋಳ. ಜಮ್ಮುವಿನಲ್ಲಿರೋ ಸಿಎಸ್‌ಐಆರ್ ಸಂಸ್ಥೆಯ ವಿಜ್ಞಾನಿಗಳು ಅರೋಮಾ ಮಿಷನ್ ಅನ್ನೋ ಯೋಜನೆಯಲ್ಲಿ ಉಚಿತವಾಗಿ ಸಸಿ ಕೊಟ್ಟು, ಎಣ್ಣೆ ಇಳಿಸೋ ಘಟಕಗಳನ್ನೂ ಹಾಕಿಕೊಟ್ಟರು. ಇದನ್ನೇ ಈಗ ನೇರಳೆ ಕ್ರಾಂತಿ ಅಂತಾರೆ. 2022ರಲ್ಲಿ ಭದರ್‌ವಾಹ್‌ನಲ್ಲಿ ಲ್ಯಾವೆಂಡರ್ ಉತ್ಸವವೂ ನಡೆಯಿತು.

ಈಗ ಪ್ಲಾನ್‌ಗೆ ಬರೋಣ.

ಮೊದಲನೆಯದು ದಿನಾಂಕ. ಇಲ್ಲಿ ಹೂವು ಸಾಮಾನ್ಯವಾಗಿ ಜೂನ್‌ನಿಂದ ಜುಲೈವರೆಗೆ. ಆದರೆ ಒಂದು ಸೂಕ್ಷ್ಮ ಇದೆ. ಲ್ಯಾವೆಂಡರ್ ಬೆಳೆಯೋದು ನೋಡೋಕಲ್ಲ, ಎಣ್ಣೆಗೆ. ಹೂವು ತುಂಬಿ ನಿಂತಾಗಲೇ ಕುಡುಗೋಲು ಬೀಳುತ್ತೆ. ಅಂದರೆ ಫೋಟೊಗೆ ಬೆಸ್ಟ್ ಅನ್ನೋ ವಾರವೇ ರೈತರಿಗೆ ಕಟಾವಿನ ವಾರ. ನೀವು ಮೂರು ದಿನ ತಡವಾಗಿ ಹೋದರೆ ಆ ಹೊಲದಲ್ಲಿ ಬರೀ ಹಸಿರು ಗುಡ್ಡೆಗಳು ಇರಬಹುದು. ಅದಕ್ಕೇ ನಾನು ಜೂನ್ ಮೂರನೇ ವಾರ ಇಟ್ಕೊಂಡು, ಹತ್ತು ದಿನ ಮುಂಚೆ ಅಲ್ಲಿಯ ಹೋಮ್‌ಸ್ಟೇಗೆ ಫೋನ್ ಮಾಡಿ ಕೇಳಿಯೇ ಹೊರಡೋದು ಅಂದುಕೊಂಡಿದ್ದೀನಿ.

ಎರಡನೆಯದು ದಾರಿ. ಬೆಂಗಳೂರಿಂದ ದೆಹಲಿ, ಅಲ್ಲಿಂದ ರಾತ್ರಿ ರೈಲಲ್ಲಿ ಜಮ್ಮು ತಾವಿ. ಜಮ್ಮುವಿಂದ ಭದರ್‌ವಾಹ್ ಸುಮಾರು 200 ಕಿಲೋಮೀಟರ್. ಉಧಂಪುರ ದಾಟಿ, 9 ಕಿಲೋಮೀಟರ್‌ಗೂ ಉದ್ದದ ಚೆನಾನಿ-ನಾಶ್ರಿ ಸುರಂಗ ಹಾದು, ಬಟೋಟ್ ಹತ್ತಿರ ದೋಡಾ ಕಡೆ ತಿರುಗಬೇಕು. ಘಾಟ್ ರಸ್ತೆ. ಮಳೆ ಬಂದರೆ ಗುಡ್ಡ ಕುಸಿದು ದಾರಿ ಬಂದ್ ಆಗೋದೂ ಉಂಟು. ಹಾಗಾಗಿ ವಾಪಸ್ ಟಿಕೆಟ್‌ಗೆ ಮುಂಚೆ ಒಂದು ಖಾಲಿ ದಿನ ಬಿಡಿ.

ಮೂರನೆಯದು ಫೋನು. ಇದನ್ನ ಯಾರೂ ಹೇಳಲ್ಲ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡಲ್ಲ. ಪೋಸ್ಟ್‌ಪೇಯ್ಡ್ ಬೇಕು. ಸಿಗ್ನಲ್ ಇಲ್ಲ ಅಂದರೆ ಮ್ಯಾಪ್ ಇಲ್ಲ, ಯುಪಿಐ ಇಲ್ಲ, ಮನೆಗೆ ಫೋನೂ ಇಲ್ಲ. ಗುಂಪಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಕೊಳ್ಳಿ, ಮ್ಯಾಪ್ ಆಫ್‌ಲೈನ್ ಇಳಿಸಿಕೊಳ್ಳಿ, ಕೈಯಲ್ಲಿ ನಗದು ಇರಲಿ.

ನಾಲ್ಕನೆಯದು ಬೆಳಕು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯೋದಯ ಬೆಂಗಳೂರಿಗಿಂತ ಸುಮಾರು ಅರ್ಧ ಗಂಟೆ ಬೇಗ, ಸೂರ್ಯಾಸ್ತ ಮುಕ್ಕಾಲು ಗಂಟೆ ತಡ. ಆದರೆ ಕಣಿವೆ ಅಲ್ವಾ, ಬೆಟ್ಟ ದಾಟಿ ಬಿಸಿಲು ಹೊಲಕ್ಕೆ ಬರೋಕೆ ಇನ್ನಷ್ಟು ಹೊತ್ತು ಹಿಡಿಯುತ್ತೆ. ಆ ನೆರಳಿನ ಹೊತ್ತಲ್ಲೇ ನೇರಳೆ ತುಂಬಾ ಚೆನ್ನಾಗಿ ಕಾಣೋದು. ಫೋನ್ ಕ್ಯಾಮೆರಾ ಆಟೋದಲ್ಲಿ ನೇರಳೆಯನ್ನ ನೀಲಿ ಮಾಡಿಬಿಡುತ್ತೆ, ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸ್ ಕೈಯಾರೆ ಸೆಟ್ ಮಾಡಿ. ಎಕ್ಸ್‌ಪೋಷರ್ ಒಂಚೂರು ಇಳಿಸಿ. ವಲೊನ್ಸೋಲ್ ಥರ ಕಣ್ಣು ಮುಟ್ಟೋವರೆಗೂ ನೇರ ಸಾಲು ಇಲ್ಲಿ ನಿರೀಕ್ಷೆ ಮಾಡಬೇಡಿ. ಇಲ್ಲಿರೋದು ಇಳಿಜಾರಿನ ಸಣ್ಣ ಸಣ್ಣ ಹೊಲ, ಹಿಂದೆ ದೇವದಾರು ಕಾಡು. ಆ ಫೋಟೊ ಮರೆತು ಈ ಜಾಗದ್ದೇ ಫೋಟೊ ತೆಗೀರಿ. ಮತ್ತೆ, ಜೇನುಹುಳ ಜಾಸ್ತಿ. ಹೂವಿನೊಳಗೆ ಮುಖ ಇಟ್ಟು ಪೋಸ್ ಕೊಡೋ ಪ್ಲಾನ್ ಇದ್ದರೆ ಕೈಬಿಡಿ.

ಐದನೆಯದು, ನನ್ನ ಪ್ರಕಾರ ಮುಖ್ಯವಾದದ್ದು. ಅದು ಒಬ್ಬರ ಹೊಲ. ನಮ್ಮ ಗುಂಡ್ಲುಪೇಟೆ ರಸ್ತೆಯಲ್ಲಿ ಸೂರ್ಯಕಾಂತಿ ಅರಳಿದಾಗ ಏನಾಗುತ್ತೆ ಅಂತ ಗೊತ್ತಲ್ಲ? ಕಾರು ನಿಲ್ಲಿಸಿ ನುಗ್ಗೋದು, ಗಿಡ ಮುರಿಯೋದು. ಕೊನೆಗೆ ರೈತರೇ ಸೆಲ್ಫಿಗೆ ದುಡ್ಡು ಕೇಳೋಕೆ ಶುರು ಮಾಡಿದರು, ಸರಿಯಾಗೇ ಮಾಡಿದರು. ಸೂರ್ಯಕಾಂತಿ ಹೋದರೆ ಒಂದು ಬೆಳೆ ಹೋಯ್ತು. ಲ್ಯಾವೆಂಡರ್ ಒಮ್ಮೆ ನೆಟ್ಟರೆ ಹತ್ತು-ಹದಿನೈದು ವರ್ಷ ಫಲ ಕೊಡೋ ಗಿಡ. ಒಂದು ಗಿಡ ತುಳಿದರೆ ಅಷ್ಟೂ ವರ್ಷದ ಆದಾಯ ತುಳಿದ ಹಾಗೆ. ನನ್ನ ಶೀಟಲ್ಲಿ ‘ಹೊಲದವರಿಗೆ’ ಅಂತ ಒಂದು ಸಾಲು ಬರೆದಿಟ್ಟಿದ್ದೀನಿ. ಕೇಳಿ ಒಳಗೆ ಹೋಗೋದು, ದುಡ್ಡು ಕೊಡೋದು, ಇಲ್ಲಾಂದ್ರೆ ಅವರ ಹತ್ತಿರವೇ ಎಣ್ಣೆ ಕೊಳ್ಳೋದು.

ಇನ್ನು ಅಮ್ಮ ಕೇಳಿದ ಪ್ರಶ್ನೆ: "ಅಲ್ಲಿಗೇ ಯಾಕೆ ಹೋಗ್ಬೇಕು?" 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನ ಕೊಂದರು, ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಅಮ್ಮನ ಭಯವನ್ನ ಸುಮ್ಮನೆ ತಳ್ಳಿಹಾಕೋಕೆ ನನಗೆ ಆಗಲ್ಲ. ‘ಏನೂ ಆಗಲ್ಲ ಬಿಡಿ’ ಅಂತ ನಿಮಗೂ ಹೇಳಲ್ಲ. ನಾನು ಮಾಡಿರೋದು ಇಷ್ಟೇ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರೋ ಬುಕಿಂಗ್ ಮಾತ್ರ. ಹೊರಡೋಕೆ ಒಂದು ವಾರ ಮುಂಚೆ ಜಿಲ್ಲಾಡಳಿತ, ಪೊಲೀಸರ ಸೂಚನೆ ನೋಡಿ, ಹೋಮ್‌ಸ್ಟೇಯವರನ್ನ ಕೇಳಿ, ಆಮೇಲೆ ಅಮ್ಮನ ಜೊತೆ ಕೂತು ತೀರ್ಮಾನ. ಡ್ರೋನ್ ಒಯ್ಯಲ್ಲ. ಸೇನೆಯ ವಾಹನ, ಚೆಕ್‌ಪೋಸ್ಟ್ ಕಡೆ ಕ್ಯಾಮೆರಾ ಎತ್ತಲ್ಲ. ಬೇಡ ಅನ್ನಿಸಿದರೆ ಈ ವರ್ಷ ಬಿಡ್ತೀನಿ. ಗಿಡ ಮುಂದಿನ ವರ್ಷವೂ ಹೂ ಬಿಡುತ್ತೆ.

ಹೋದರೆ ಫೋಟೊ ಹಾಕ್ತೀನಿ, ಹೋಗದಿದ್ದರೆ ಯಾಕೆ ಅಂತಾನೂ ಹೇಳ್ತೀನಿ. ನೀವು ಯಾವ ಹೂವಿನ ಹಿಂದೆ ಹೋಗೋ ಪ್ಲಾನ್‌ನಲ್ಲಿದ್ದೀರಿ? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ. ಹುಷಾರಾಗಿರಿ.